ಅಳಿಯನ ನಡ, ನನ್ನ ತಲೆ

ಮಗಳ ಮದುವೆಯಾಗಿ ಆರು ವರ್ಷ ಕಳೆದಿದ್ದರೂ ಅಳಿಯನ ಜೊತೆ ನಾನು ನೇರ ಮಾತಾಡಿದವಳಲ್ಲ. ಜಗಳವೇನೂ ಇರಲಿಲ್ಲ. ನಮ್ಮ ಕಡೆಯ ಹಳೆಯ ಹೆಂಗಸರಿಗೆ ಅಳಿಯ ಎದುರಿಗೆ ಬಂದರೆ ಸೆರಗು ತಲೆಯ ಮೇಲೆ ಹೋಗುತ್ತದೆ, ಮಾತು ಬೇರೆ ಕಡೆಗೆ ತಿರುಗುತ್ತದೆ. ಊಟಕ್ಕೆ ಕರೆಯಬೇಕೆಂದರೆ ಬಾಗಿಲಿಗೆ ಹೇಳುತ್ತೇವೆ, ರೊಟ್ಟಿ ಆರಾಕತ್ತಾವು ಎಂದು. ಬಾಗಿಲು ಬರುವುದಿಲ್ಲ, ಅಳಿಯ ಬರುತ್ತಾನೆ. ಈ ಪದ್ಧತಿಯಲ್ಲಿ ಒಂದು ಲಾಭವಿದೆ, ಬೈದರೂ ಬೈದದ್ದು ಬಾಗಿಲಿಗೆ. ನಷ್ಟವೂ ಇದೆ. ಅದು ನನಗೆ ತಿಳಿದದ್ದು ಅಳಿಯನ ನಡ ಹಿಡಿದಾಗ.

ನಡ ಎಂದರೆ ಸೊಂಟ. ಓದಿದವರು ಸೊಂಟ ಎನ್ನುತ್ತಾರೆ. ನನಗೆ ನಡ ಎಂಬುದೇ ಸರಿ ಎನಿಸುತ್ತದೆ. ಮೈಯ ನಡುವೆ ಇರುವುದು ನಡ, ನಡೆಯಲಿಕ್ಕೆ ಇರುವುದೂ ನಡ. ಕೂತೇ ಇದ್ದರೆ ಅದರ ಹೆಸರೇ ಸುಳ್ಳಾಗುತ್ತದೆ. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಇದರಲ್ಲಿ ತಪ್ಪಿದ್ದರೆ, ನಾವೀಗ ಇರುವ ಸಪ್ತಾಪುರದಲ್ಲಿ ಪ್ರೊಫೆಸರರಿಗೆ ಬರವಿಲ್ಲ, ಅವರು ತಿದ್ದಿಕೊಳ್ಳಲಿ.

ಸಪ್ತಾಪುರದ ಈ ಬಾಡಿಗೆ ಮನೆಗೆ ನಾನು ನಮ್ಮೂರು ಗರಗದಿಂದ ಬಂದದ್ದು ಮೊಮ್ಮಗಳನ್ನು ನೋಡಿಕೊಳ್ಳಲು. ಮಗಳು ರೇಖಾ ಸಾಲೆಯಲ್ಲಿ ಕಲಿಸುತ್ತಾಳೆ, ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಾಳೆ. ಅಳಿಯ ಮಹಾಂತೇಶನದು ಮನೆಯಿಂದ ಕೆಲಸ. ಮನೆಯಿಂದ ಕೆಲಸ ಎಂದರೆ ಮನೆಗೆಲಸ ಎಂದು ತಿಳಿದು ಮೊದಲು ನಾನು ಖುಷಿಪಟ್ಟಿದ್ದೆ. ಹಾಗಲ್ಲವಂತೆ. ಯಾವುದೋ ದೂರದ ಕಂಪನಿಯ ಕಾಗದಗಳನ್ನು ಲ್ಯಾಪ್‌ಟಾಪಿನಲ್ಲಿ ತಪಾಸಣೆ ಮಾಡುವುದು. ಮಂಚದ ಮೇಲೆ ದಿಂಬಿಗೆ ಒರಗಿ, ತೊಡೆಯ ಮೇಲೆ ಅದನ್ನಿಟ್ಟುಕೊಂಡು, ಕುಡುಗೋಲಿನ ಹಾಗೆ ಬಾಗಿ ಕೂತರೆ ಮಧ್ಯಾಹ್ನದ ರೊಟ್ಟಿಗೇ ಏಳುವುದು. ನೀರಿನ ಬಾಟಲಿ ಬಲಕ್ಕೆ, ಚಾರ್ಜರ್ ಎಡಕ್ಕೆ, ಫೋನು ಹೊಟ್ಟೆಯ ಮೇಲೆ. ದೇವರು ಕಾಲು ಕೊಟ್ಟದ್ದು ಅವನಿಗೆ ನೆನಪೇ ಇದ್ದಂತಿರಲಿಲ್ಲ.

ಒಂದು ಮುಂಜಾನೆ ಮಗುವನ್ನು ಎತ್ತಲು ಬಾಗಿದವನು ಅರ್ಧಕ್ಕೇ ನಿಂತ. ಮೇಲೆ ಬರಲಿಲ್ಲ, ಕೆಳಗೂ ಹೋಗಲಿಲ್ಲ. ಮಗು ಎರಡೂ ಕೈ ಮೇಲೆ ಮಾಡಿ ಕಾಯುತ್ತಲೇ ಇತ್ತು. ನಾನು ಮತ್ತು ರೇಖಾ ಸೇರಿ ಅವನನ್ನು ಹಾಗೇ ಬಾಗಿದ ಆಕಾರದಲ್ಲಿ ಮಂಚಕ್ಕೆ ಸಾಗಿಸಿದೆವು. ಹುಬ್ಬಳ್ಳಿಯ ಡಾಕ್ಟರು ಗುಳಿಗೆ ಕೊಟ್ಟು, ನಾಲ್ಕು ವ್ಯಾಯಾಮ ಬರೆದು, ಕೊನೆಗೆ ಒಂದು ಮಾತು ಹೇಳಿದರು: ನಾನು ಹೇಳುವವರೆಗೆ ಮಗುವನ್ನು ಎತ್ತಬೇಡಿ.

ಗುಳಿಗೆ ಕಹಿಯಿರಲಿಲ್ಲ, ಆ ಮಾತು ಕಹಿಯಿತ್ತು. ಮಗುವಿಗೆ ಆಗ ಹನ್ನೊಂದು ತಿಂಗಳು. ಹೆಸರು ಅನ್ವಿ, ನನ್ನ ಬಾಯಲ್ಲಿ ಅವ್ವಿ. ದಿನಾ ಎದ್ದ ಕೂಡಲೇ ಅಪ್ಪನ ಮಂಚ ಹಿಡಿದು ನಿಂತು "ಎತ್ತ, ಎತ್ತ" ಎನ್ನುತ್ತಿದ್ದಳು. ಅವನು ಮುಖವನ್ನು ಲ್ಯಾಪ್‌ಟಾಪಿಗೆ ತಿರುಗಿಸುತ್ತಿದ್ದ. ನಾನು ಬಂದು ಎತ್ತಿಕೊಂಡರೆ ನನ್ನ ಮೂಗಿಗೆ ಹೊಡೆಯುತ್ತಿದ್ದಳು. ಅವಳಿಗೆ ಬೇಕಾದದ್ದು ಅಪ್ಪನ ಎತ್ತರ, ನನ್ನದು ಗಿಡ್ಡ ದೇಹ.

ಕೂತು ಮಾಡುವ ಕೆಲಸ ನನಗೆ ಗೊತ್ತು. ಗರಗದಲ್ಲಿ ಮೂವತ್ತೈದು ವರ್ಷ ಮನೆಯಲ್ಲೇ ಕೂತು ಖಾದಿಯ ನೂಲು ತೆಗೆದವಳು ನಾನು. ಆಗ ಅದಕ್ಕೆ ಇಂಗ್ಲಿಷ್ ಹೆಸರಿರಲಿಲ್ಲ, ಅಷ್ಟೇ. ನನ್ನ ಅತ್ತೆ, ಸತ್ತು ಬಹಳ ವರ್ಷವಾಯಿತು, ನೂಲಲು ಸುರುಳಿ ಮಾಡಿದ ಹತ್ತಿಯ ಹಂಜಿಯನ್ನೆಲ್ಲ ನನ್ನ ಪಕ್ಕದಲ್ಲಿ ಇಡಲು ಬಿಡುತ್ತಿರಲಿಲ್ಲ. ಬುಟ್ಟಿ ಒಳಗಿನ ಕೋಣೆಯಲ್ಲಿ. ಒಂದು ಹಿಡಿ ಮುಗಿದರೆ ಎದ್ದು ಹೋಗಿ ಇನ್ನೊಂದು ಹಿಡಿ ತರಬೇಕು. ದಿನಕ್ಕೆ ಎಷ್ಟು ಸಲ ಏಳುತ್ತಿದ್ದೆನೋ, ಅಷ್ಟು ಸಲ ಅವಳನ್ನು ಮನಸ್ಸಿನಲ್ಲಿ ಬೈಯುತ್ತಿದ್ದೆ. ಪಕ್ಕದ ಮನೆಯ ಫಕ್ಕೀರವ್ವನ ಅತ್ತೆ ಬಹಳ ಒಳ್ಳೆಯವಳು, ಹಂಜಿ, ನೀರು, ಚಹಾ ಎಲ್ಲ ಕೂತಲ್ಲಿಗೇ ತಂದುಕೊಡುತ್ತಿದ್ದಳು. ಫಕ್ಕೀರವ್ವ ನಲವತ್ತೈದಕ್ಕೇ ಕೋಲು ಹಿಡಿದಳು. ನಾನು ಎಪ್ಪತ್ತು ದಾಟಿಯೂ ನೆಟ್ಟಗಿದ್ದೇನೆ. ಅತ್ತೆ ನನ್ನ ನಡ ಕಾಯಲಿಕ್ಕೆ ಹಾಗೆ ಮಾಡಿದಳೆಂದು ನಾನು ಹೇಳುವುದಿಲ್ಲ. ಹಂಜಿ ಕದಿಯುತ್ತೇನೆಂಬ ಗುಮಾನಿ ಅವಳದು. ಆದರೆ ಗುಮಾನಿಯಿಂದಲೂ ನಡ ಉಳಿಯುತ್ತದೆ, ಪ್ರೀತಿಯಿಂದಲೂ ಮುರಿಯುತ್ತದೆ.

ಇದನ್ನು ಅಳಿಯನಿಗೆ ಹೇಳುವುದು ಹೇಗೆ? ಫ್ರಿಜ್ಜಿಗೆ ಹೇಳಿದೆ. ಒಂದೇ ಕಡೆ ನಿಂತು ನಿಂತು ಕೆಳಗೆ ತುಕ್ಕು ಹಿಡಿಯುತ್ತಿದೆ ನಿನಗೆ, ಸ್ವಲ್ಪ ಅಡ್ಡಾಡು ಎಂದೆ. ಅಳಿಯ ಎದ್ದು ಬಂದು ಫ್ರಿಜ್ಜಿನ ಕೆಳಗೆ ಬಗ್ಗಿ ನೋಡಲು ಹೋಗಿ ಇನ್ನೊಮ್ಮೆ ನಡ ಹಿಡಿಸಿಕೊಂಡ. ಮಾತಿನಿಂದ ಆಗುವುದಿಲ್ಲವೆಂದು ಆಗ ಬಿಟ್ಟೆ. ಅತ್ತೆಯ ದಾರಿ ಹಿಡಿದೆ. ಬಾಟಲಿಯನ್ನು ಅಡಿಗೆಮನೆಗೆ ಒಯ್ದಿಟ್ಟೆ. ಚಾರ್ಜರನ್ನು ಪಡಸಾಲೆಯಲ್ಲಿ. ಅವನ ಕನ್ನಡಕವನ್ನು ಕಿಟಕಿಯಲ್ಲಿ. ಚಹಾ ಮಾಡಿ ಹೊರಗಿನ ಕಟ್ಟೆಯ ಮೇಲಿಟ್ಟು, ಬಾಗಿಲಿಗೆ ಸುದ್ದಿ ಮುಟ್ಟಿಸಿ ಬರುತ್ತಿದ್ದೆ. ಅಳಿಯ ಗೊಣಗುತ್ತ ಏಳುತ್ತಿದ್ದ, ಹುಡುಕುತ್ತಿದ್ದ, ತರುತ್ತಿದ್ದ. ಅವನು ಹುಡುಕಾಡುವುದನ್ನು ನೋಡಿ ನಾನು ಒಳಗೆ ಕೂತು ನಗುತ್ತಿದ್ದೆ. ನಗು ಬರುತ್ತದೆ, ಏನು ಮಾಡುವುದು.

ಎರಡು ವಾರ ಹೀಗೆ ನಡೆಯಿತು. ಒಂದು ಸಂಜೆ ರೇಖಾ ನನ್ನ ಪಕ್ಕ ಬಂದು ಕೂತು, ಬಹಳ ಮೆತ್ತಗಿನ ದನಿಯಲ್ಲಿ ಇವತ್ತು ಯಾವ ವಾರ ಎಂದು ಕೇಳಿದಳು. ಕ್ಯಾಲೆಂಡರ್ ಎದುರಿಗೇ ಇತ್ತು. ನೋಡಿಕೋ ಎಂದೆ. ನಿನ್ನೆ ಏನು ಪಲ್ಯ ಮಾಡಿದ್ದಿ ಎಂದಳು. ನೀನೇ ತಿಂದಿಯಲ್ಲ ಎಂದೆ. ಆಮೇಲೆ ಮಗುವನ್ನು ತೋರಿಸಿ, ಇವಳ ಹೆಸರೇನು ಎಂದಳು. ಅವ್ವಿ ಎಂದೆ. ನಾನು ದಿನಾ ಕರೆಯುವ ಹೆಸರೇ ಅದು, ಆದರೂ ಅನ್ವಿ ಎನ್ನಲಿಲ್ಲವೆಂದು ರೇಖಾಳ ಕಣ್ಣಲ್ಲಿ ನೀರು ಬಂತು.

ಯಾಕೆಂದು ಕೇಳಿದರೆ ಅಳುತ್ತಲೇ ಎಲ್ಲ ಹೇಳಿದಳು, ಆಗ ತಿಳಿಯಿತು. ಗಂಡ ಹೆಂಡತಿ ಸೇರಿ ನನಗೆ ಮರೆವಿನ ರೋಗ ಬಂದಿದೆ ಎಂದು ತೀರ್ಮಾನಿಸಿದ್ದರು. ಮುದುಕಿ ಕನ್ನಡಕ ಕಿಟಕಿಯಲ್ಲಿಡುತ್ತಾಳೆ, ಚಹಾ ಕಟ್ಟೆಯ ಮೇಲಿಡುತ್ತಾಳೆ, ಫ್ರಿಜ್ಜಿನ ಜೊತೆ ಮಾತಾಡುತ್ತಾಳೆ. ಅವರ ಲೆಕ್ಕವೂ ತಪ್ಪಲ್ಲ. ಡಾಕ್ಟರ ಬಳಿ ನನ್ನ ಹೆಸರನ್ನೂ ಬರೆಸಿ ಆಗಿತ್ತು. ಅಷ್ಟೇ ಅಲ್ಲ, ಮಗುವನ್ನು ನನ್ನ ಕೈಯಲ್ಲಿ ಬಿಡುವುದು ಹೇಗೆ ಎಂಬ ಮಾತೂ ಬಂದಿತ್ತು. ಅಪ್ಪ ಎತ್ತುವಂತಿಲ್ಲ, ಅಜ್ಜಿ ಎತ್ತಬಾರದು. ಇನ್ನು ಆ ಕೂಸು ಕೈ ಮೇಲೆ ಮಾಡಿ ಯಾರಿಗೆ ಕೇಳಬೇಕು?

ಎದ್ದು ಅಳಿಯನ ಮಂಚದ ಹತ್ತಿರ ಹೋದೆ, ರೇಖಾ ಹಿಂದೆಯೇ ಬಂದಳು. ಸೆರಗು ತಲೆಯ ಮೇಲೇ ಇತ್ತು, ಕಣ್ಣು ಮಾತ್ರ ನೇರ ಅಳಿಯನ ಮೇಲೆ.

"ಅಳಿಯಾರ, ನನ್ನ ತಲಿ ನೆಟ್ಟಗೈತ್ರಿ. ನೆಟ್ಟಗಿಲ್ಲದ್ದು ನಿಮ್ಮ ನಡ."

ಅವನು ಗಾಬರಿಯಾಗಿ ಹಿಂದೆ ತಿರುಗಿ ನೋಡಿದ, ನಾನು ಮತ್ತೆ ಯಾವ ಸಾಮಾನಿನ ಜೊತೆ ಮಾತಾಡುತ್ತಿದ್ದೇನೋ ಎಂದು. ಹಿಂದೆ ಗೋಡೆ ಬಿಟ್ಟು ಏನೂ ಇರಲಿಲ್ಲ.

"ನನಗ ಅಂದ್ರ್ಯಾ, ಅತ್ತ್ಯಾರ?"

"ಮತ್ತ್ಯಾರಿಗೆ? ಗ್ವಾಡಿಗೆ ನಡ ಐತೇನ್ರಿ?"

ರೇಖಾ ಅಳುವುದನ್ನು ಅರ್ಧಕ್ಕೆ ಬಿಟ್ಟು ನಕ್ಕಳು. ಅಳಿಯನೂ ನಕ್ಕ, ನಕ್ಕರೆ ನಡ ನೋಯುತ್ತದೆಂದು ಹಿಡಿದುಕೊಂಡು ನಕ್ಕ. ಆರು ವರ್ಷದ ಮಾತು ಬಾಕಿಯಿತ್ತು. ಹಂಜಿ, ಫಕ್ಕೀರವ್ವ, ಕನ್ನಡಕ ಎಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಮರುದಿನದಿಂದ ಮಂಚ ಬಿಡಿಸಿದೆ. ಮೇಜು, ಕುರ್ಚಿ. ಬೆನ್ನ ಹಿಂದೆ ಹಳೆಯ ಕೌದಿ ಸುತ್ತಿ ಇಟ್ಟೆ. ಕಾಲ ಕೆಳಗೆ ಊಟದ ಮಣೆ. ಲ್ಯಾಪ್‌ಟಾಪನ್ನು ಅಳಿಯ ಜೋಳದ ಎರಡು ಡಬ್ಬಿಗಳ ಮೇಲೆ ಏರಿಸಿದ, ಕಣ್ಣಿನ ಮಟ್ಟಕ್ಕೆ. ಒತ್ತುವ ಗುಂಡಿಗಳ ಹಲಗೆ ಬೇರೆ ತಂದು ಕೈಯ ಮಟ್ಟಕ್ಕೆ ಇಟ್ಟುಕೊಂಡ. ಜೋಳ ಬೇಕಾದಾಗ ಅವನ ಆಫೀಸು ಕೆಡವಬೇಕು, ಅದೊಂದು ತೊಂದರೆ. ಫೋನ್ ಬಂದರೆ ಅಂಗಳದಲ್ಲಿ ಅಡ್ಡಾಡುತ್ತಲೇ ಮಾತು. ಡಾಕ್ಟರು ಬರೆದ ವ್ಯಾಯಾಮವನ್ನೂ ಬಿಡಲಿಲ್ಲ, ಅವರು ನನಗಿಂತ ಹೆಚ್ಚು ಓದಿದವರು.

ಕೆಲವು ವಾರಗಳ ನಂತರ ಡಾಕ್ಟರು ಸಣ್ಣ ಭಾರ ಎತ್ತಬಹುದು ಎಂದಾಗ, ಎತ್ತುವುದನ್ನು ಕೊಡದಿಂದ ಶುರು ಮಾಡಿಸಿದೆ. ಬಾವಿಯಿಂದ ನೀರು ಹೊತ್ತವರಿಗೆ ಗೊತ್ತು, ನಡ ಬಗ್ಗಿಸಿ ಕೊಡ ಎತ್ತಬಾರದು. ಮೊಣಕಾಲು ಮಡಚಿ ಕುಕ್ಕರಗಾಲಲ್ಲಿ ಕೂತು, ಕೊಡವನ್ನು ಹೊಟ್ಟೆಗೆ ಅವುಚಿ, ತೊಡೆಯ ಬಲದಲ್ಲಿ ಏಳಬೇಕು. ಮೊದಲು ಖಾಲಿ ಕೊಡ, ಆಮೇಲೆ ಕಾಲು ಕೊಡ, ಅರ್ಧ ಕೊಡ. ಮೀಸೆಯ ಗಂಡಸು ಅಂಗಳದಲ್ಲಿ ಕೊಡ ಎತ್ತಿ ಇಳಿಸುವುದನ್ನು ನೋಡಲು ಪಕ್ಕದ ಮನೆಯ ಹುಡುಗಿಯರು ಕಾಂಪೌಂಡಿಗೆ ಬಂದು ನಿಲ್ಲುತ್ತಿದ್ದರು. ನಿಂತರೆ ನಿಲ್ಲಲಿ ಎಂದೆ.

ಡಾಕ್ಟರು ಇನ್ನು ಮಗುವನ್ನು ಎತ್ತಿರಿ ಎಂದ ದಿನ ಅಳಿಯ ಹುಬ್ಬಳ್ಳಿಯಿಂದ ಬಂದವನು ಚಪ್ಪಲಿಯನ್ನೂ ಬಿಡದೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತ. ಅವ್ವಿ ಓಡುತ್ತಾ ಬಂದಳು. ಹೌದು, ಓಡುತ್ತಾ. ಅಷ್ಟರಲ್ಲಿ ಅವಳಿಗೆ ನಡೆಯಲು ಬಂದುಬಿಟ್ಟಿತ್ತು. ಅವನು ಅವಳನ್ನು ಎದೆಗೆ ಅವುಚಿ ನೆಟ್ಟಗೆ ಎದ್ದ. ಒಂದು ಸುತ್ತು ಸುತ್ತಿದ. ಮಗು ಅವನ ಮೀಸೆ ಎಳೆಯಿತು, ಮೇಲಿನಿಂದ ಬೀದಿ ನೋಡಿತು, ಒಂದು ಎತ್ತಿನ ಗಾಡಿ ಹೋಗುವಷ್ಟು ಹೊತ್ತು ಸುಮ್ಮನಿತ್ತು. ಆಮೇಲೆ ಕಾಲು ಬಡಿಯತೊಡಗಿತು. ಹೊಸದಾಗಿ ಕಾಲು ಬಂದವರಿಗೆ ತೋಳು ಯಾಕೆ?

ಅಳಿಯನ ಮುಖ ಸಣ್ಣದಾಯಿತು.

"ಅತ್ತ್ಯಾರ, ಇಳಸು ಅನ್ನಾಕತ್ತಾಳಲ್ರಿ."

"ಇಳಸ್ರಿ. ಇಳಸುವಾಗೂ ಮೊಣಕಾಲ ಮಡಚ್ರಿ."