ಹತ್ತೊಂಬತ್ತನೆಯ ಹೆಸರು

ಆ ವರ್ಷ ನನ್ನ ಇತಿಹಾಸದ ತರಗತಿಯಲ್ಲಿ ಇದ್ದವರು ಏಳೇ ಮಂದಿ. ಹತ್ತನೆಯ ತರಗತಿಯ ಅಂಕ ಬೇರೆ ವಿಷಯಕ್ಕೆ ಸಾಲದೆ ಬಂದವರು ಆರು ಜನ. ಬೇಕೆಂದೇ ಬಂದವಳು ಒಬ್ಬಳು. ಮಾತೆತ್ತಿದರೆ ‘ಯಾಕೆ?’ ಎನ್ನುತ್ತಿದ್ದುದರಿಂದ ಉಳಿದವರು ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟಿದ್ದರು. ದರ್ಜಿಯಾಗಿದ್ದ ಅವಳ ತಂದೆ ಒಮ್ಮೆ ನನ್ನ ಅಂಗಿಯ ತೋಳಿನ ಅಳತೆ ತೆಗೆಯುತ್ತ, “ಸತ್ತೋರ ವಿಷಯ ಓದಿದ್ರೆ ಇರೋರ ಹೊಟ್ಟೆ ತುಂಬುತ್ತಾ, ಮೇಷ್ಟ್ರೇ?” ಎಂದು ಕೇಳಿದ್ದರು. ಕೆಲಸ ಸಿಕ್ಕೇ ಸಿಗುತ್ತದೆ ಎಂದು ನಾನು ಧೈರ್ಯ ಹೇಳಿದ್ದೆ.

ಸಿಕ್ಕಿತು. ಪದವಿ ಮುಗಿಸಿ ಅವಳು ಕಾರ್ಮಿಕ ಇಲಾಖೆಯ ದಾಖಲೆ ಕೋಣೆಗೆ ಗುಮಾಸ್ತೆಯಾಗಿ ಸೇರಿದಳು. ಕಿಟಕಿಯಿಲ್ಲದ ಕೋಣೆ, ಸೂರಿನವರೆಗೆ ಕಡತ. ನನ್ನ ತರಗತಿಯ ಒಂದು ಅಭ್ಯಾಸ ಅವಳೊಡನೆ ಅಲ್ಲಿಗೂ ಹೋಗಿತ್ತು. ಒಂದೇ ಆಧಾರ ಸಿಕ್ಕಿದ ಸಂಗತಿಯ ಪಕ್ಕದಲ್ಲಿ ಪೆನ್ಸಿಲಿನಿಂದ ‘ದೃಢಪಟ್ಟಿಲ್ಲ’ ಎಂದು ಗುರುತು ಹಾಕಿ, ಎರಡನೆಯ ಆಧಾರವನ್ನು ಹುಡುಕುವುದು.

ಒಂದು ದಿನ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಬಾಯ್ಲರ್ ಸಿಡಿಯಿತು. ದೇಹಗಳು ಗುರುತು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಹಾಜರಿ ಪುಸ್ತಕದಲ್ಲಿದ್ದವರಲ್ಲಿ ಬದುಕಿ ಬಂದವರನ್ನು ಕಳೆದು ಸತ್ತವರ ಪಟ್ಟಿ ಮಾಡುವ ಕೆಲಸ ಯಾಕಮ್ಮನ ಪಾಲಿಗೆ ಬಂತು. ಹದಿನೆಂಟು ಹೆಸರುಗಳಾದವು. ಆಗ ಆಸ್ಪತ್ರೆಯಲ್ಲಿ ನೆಲ ಒರೆಸುವ ಹೆಂಗಸೊಬ್ಬಳು ಬಂದು, ತನ್ನ ಗಂಡನೂ ಒಳಗಿದ್ದನೆಂದಳು. ಜ್ವರ ಬಂದು ಮಲಗಿದ್ದ ಗೆಳೆಯನ ಹಿತ್ತಾಳೆಯ ಹಾಜರಿ ಬಿಲ್ಲೆ ತೋರಿಸಿ, ಅವನ ಬದಲಿಗೆ ಹೋಗಿದ್ದನಂತೆ. ಒಬ್ಬನ ಕೆಲಸ ಉಳಿಯಲೆಂದು ಇನ್ನೊಬ್ಬ ಹಾಗೆ ಹೋಗುವುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಪುಸ್ತಕಕ್ಕೆ ಮಾತ್ರ ಗೊತ್ತಿರಲಿಲ್ಲ.

ಯಾಕಮ್ಮ ಹತ್ತೊಂಬತ್ತನೆಯ ಹೆಸರನ್ನು ಬರೆದು, ಪಕ್ಕದಲ್ಲಿ ಪೆನ್ಸಿಲಿನಿಂದ ‘ದೃಢಪಟ್ಟಿಲ್ಲ’ ಎಂದು ಸೇರಿಸಿ, ಮರುದಿನ ಆ ಗೆಳೆಯನ ಮನೆ ಹುಡುಕಿಕೊಂಡು ಹೋದಳು. ಅವನು ಬಾಗಿಲನ್ನು ಅರ್ಧ ಮಾತ್ರ ತೆರೆದ. ನಡೆದದ್ದು ನಿಜವೆಂದು ಒಪ್ಪಿದ. ಹೇಳಿಕೆಗೆ ಸಹಿ ಹಾಕಲು ಒಪ್ಪಲಿಲ್ಲ.

“ಪುಸ್ತಕದ ಪ್ರಕಾರ ನಾನು ಒಳಗಿದ್ದೆ, ಬದುಕಿ ಬಂದೆ. ಹಾಗೇ ಇರ್ಲಿ ಬಿಡಕ್ಕ. ನಾನು ಮನೇಲಿದ್ದೆ ಅಂದ್ರೆ ನನ್ನ ಕೆಲಸ ಹೋಗುತ್ತೆ. ಅವನೇನು ಎದ್ದು ಬರ್ತಾನಾ?”

ಅವಳು ಎರಡು ತಾಸು ಹೊಸ್ತಿಲ ಹೊರಗೇ ಕೂತು ಬೇಡಿಕೊಂಡಳು. ಕೊನೆಗೆ ಅವನ ಹೆಂಡತಿ ಬಾಗಿಲು ಹಾಕಿಕೊಂಡಳು.

ಕಚೇರಿಗೆ ಮರಳುವಷ್ಟರಲ್ಲಿ ಪಟ್ಟಿ ಟೈಪಾಗಿ, ಸಾಹೇಬರ ಸಹಿ ಬಿದ್ದು, ಮೇಲಕ್ಕೆ ಹೋಗಿತ್ತು. ಸತ್ತವರು ಹದಿನೆಂಟು, ಹತ್ತೊಂಬತ್ತನೆಯವನ ಸಾವು ದೃಢಪಟ್ಟಿಲ್ಲ. ಸಾಹೇಬರು ಮೂಲ ಹಾಳೆಯನ್ನು ಅವಳ ಮುಂದೆ ಸರಿಸಿದರು.

“ನಿನ್ನ ಅಕ್ಷರಾನೇ ಅಲ್ವೇನಮ್ಮ?”

“ಇನ್ನೂ ಹುಡುಕ್ತಾ ಇದ್ದೀನಿ ಅಂತ ಅದರ ಅರ್ಥ, ಸಾರ್.”

“ಹಾಗಂತ ಬರೆದಿಲ್ವಲ್ಲ.”

ಅವಳು ಐದು ಅರ್ಜಿ ಬರೆದಳು. ಪ್ರಕರಣ ಮುಗಿದಿದೆ ಎಂಬ ಉತ್ತರ ಒಂದಕ್ಕೆ ಬಂತು. ಒಂದು ಸಂಜೆ ನನ್ನ ಮನೆಗೆ ಬಂದು, ಕೊಟ್ಟ ನೀರನ್ನೂ ಕುಡಿಯದೆ ಕುಳಿತಿದ್ದಳು. “ಪೆನ್ಸಿಲ್ ಅಂದ್ರೆ ಇನ್ನೂ ಮುಗಿದಿಲ್ಲ ಅಂತ ನೀವು ನಮಗೆ ಹೇಳಿಕೊಟ್ರಿ, ಮೇಷ್ಟ್ರೇ. ಅವರಿಗೆ ಯಾರು ಹೇಳಿಕೊಟ್ರು?”

ಯಾಕಮ್ಮ ಈಗಲೂ ಅದೇ ಕೋಣೆಯಲ್ಲಿದ್ದಾಳೆ. ಆಸ್ಪತ್ರೆಯ ಆ ಹೆಂಗಸಿಗೆ ಓದು ಬಾರದು. ಯಾವುದೇ ಅರ್ಜಿ ತುಂಬಬೇಕಾದರೂ ಇವಳ ಬಳಿಗೇ ಬರುತ್ತಾಳೆ. ಎಲ್ಲದರಲ್ಲೂ ಈ ಒಂದು ಪ್ರಶ್ನೆ ಇರುತ್ತದೆ: ಪತಿ ಜೀವಂತವಾಗಿದ್ದಾರೆಯೇ?

“ಇದ್ದಾರೆ ಅಂತಾನೇ ಹಾಕಿ ಮೇಡಂ,” ಎನ್ನುತ್ತಾಳಂತೆ ಅವಳು. “ಸತ್ತಿದ್ದಾರೆ ಅಂದ್ರೆ ಅದಕ್ಕೆ ಕಾಗದ ಎಲ್ಲಿ ಅಂತ ವಾಪಸ್ ಕಳಿಸ್ತಾರೆ.”

ಯಾಕಮ್ಮ ಹಾಗೆಯೇ ಬರೆದುಕೊಡುತ್ತಾಳೆ.