ಅಡುಗೆ ಮಾವ ಮತ್ತು ಈಜದ ಬ್ಯಾಕ್ಟೀರಿಯಾ

ನಮ್ಮ ಲ್ಯಾಬಿನ ಅಡುಗೆ ಮಾವ ಮೂವತ್ತೊಂದು ವರ್ಷ ಅಡುಗೆ ಮಾಡಿದರು. ಅದರಲ್ಲಿ ಒಂದು ತುತ್ತನ್ನೂ ಮನುಷ್ಯರು ತಿಂದಿಲ್ಲ. ಅವರು ಬಡಿಸುತ್ತಿದ್ದುದು ಬ್ಯಾಕ್ಟೀರಿಯಾಗಳಿಗೆ. ಬೆಳಿಗ್ಗೆ ಎಂಟಕ್ಕೆ ಬಂದು, ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಪುಡಿ ತೂಗಿ, ನೀರಿನಲ್ಲಿ ಕದಡಿ, ಆಟೋಕ್ಲೇವ್ ಎಂಬ ದೊಡ್ಡ ಕುಕ್ಕರಿನಲ್ಲಿ ಬೇಯಿಸಿ, ಗಟ್ಟಿಯಾಗುವ ಮುಂಚೆ ತಟ್ಟೆಗಳಿಗೆ ಸುರಿಯುವುದು ಅವರ ಕೆಲಸ. ಸುರಿಯುತ್ತಾ, "ಊಟಕ್ಕೆ ಏಳ್ರಪ್ಪಾ" ಎನ್ನುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು.

ಚಿಕ್ಕವರಿದ್ದಾಗಲೇ ತಾಯಿಯನ್ನು ಕಳೆದುಕೊಂಡು ಚಿಕ್ಕಪ್ಪನ ಮನೆಯಲ್ಲಿ ಬೆಳೆದವರು ಅವರು. ಚಿಕ್ಕಮ್ಮನ ಸೌಟು ಇವರ ತಟ್ಟೆಯ ಹತ್ತಿರ ಬರುವಷ್ಟರಲ್ಲಿ ಖಾಲಿಯಾಗಿರುತ್ತಿತ್ತಂತೆ. ಹನ್ನೆರಡನೇ ವಯಸ್ಸಿನಲ್ಲಿ ಆ ಮನೆ ಬಿಟ್ಟು, ಮೂರು ದಿನ ನಡೆದು ಈ ಊರು ಸೇರಿದರು. ಇದನ್ನೆಲ್ಲ ನಗುನಗುತ್ತಲೇ ಹೇಳುತ್ತಿದ್ದರು. ಮಧ್ಯಾಹ್ನ ಮಾತ್ರ ತಮ್ಮ ಡಬ್ಬಿಯ ಅರ್ಧವನ್ನು ಎದುರಿಗೆ ಕೂತವರ ಮುಚ್ಚಳಕ್ಕೆ ಸುರಿಯದೆ ಕೈ ತೊಳೆದವರಲ್ಲ. ನಾನು ಪ್ರತಿ ಸಲವೂ ಮುಚ್ಚಳ ಸರಿಸಿಬಿಡುತ್ತಿದ್ದೆ.

ನನ್ನ ಸಂಶೋಧನೆ ಬ್ಯಾಕ್ಟೀರಿಯಾದ ಬಾಲದ ಬಗ್ಗೆ. ಅದರ ಮೈಮೇಲೆ ಕೂದಲಿಗಿಂತ ಎಷ್ಟೋ ಪಟ್ಟು ತೆಳ್ಳಗಿನ ಬಾಲಗಳಿರುತ್ತವೆ. ಅವನ್ನು ಗಿರ್ರನೆ ತಿರುಗಿಸಿ ಅದು ಈಜುತ್ತದೆ. ಮೆತ್ತನೆಯ ಅಗರಿನ ನಡುವೆ ಬ್ಯಾಕ್ಟೀರಿಯಾದ ಒಂದು ಚುಕ್ಕೆ ಇಟ್ಟರೆ, ಮರುದಿನಕ್ಕೆ ಬಳೆಯಾಕಾರದಲ್ಲಿ ಅಂಚಿನವರೆಗೂ ಹರಡಬೇಕು. ಆರು ವಾರದಿಂದ ನನ್ನವು ಜಪ್ಪಯ್ಯ ಅಂದರೂ ಕದಲಿರಲಿಲ್ಲ. ಇಟ್ಟಲ್ಲೇ ದುಂಡಗೆ ಕೊಬ್ಬಿ ಕೂತಿದ್ದವು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬಾಲವೇ ಇಲ್ಲ. ಶುಕ್ರವಾರದೊಳಗೆ ಅವು ಈಜದಿದ್ದರೆ ಈ ವಿಷಯ ಕೈಬಿಡು ಎಂದು ನನ್ನ ಗೈಡ್ ಮೇಡಂ ಕಡ್ಡಿ ಮುರಿದಂತೆ ಹೇಳಿದರು. ಮೂರು ವರ್ಷದ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತಾಗುವುದರಲ್ಲಿತ್ತು.

ಬುಧವಾರ ಮಾವನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು ಗೋಳು ತೋಡಿಕೊಂಡೆ. ಅವರು ಅಗರ್ ಕಲಕುತ್ತಾ ಹೂಂಗುಡುತ್ತಿದ್ದರು. ಬಾಲ ಕಟ್ಟುವುದು ದುಬಾರಿ ಕೆಲಸ, ತಿಂದದ್ದರಲ್ಲಿ ಒಳ್ಳೆಯ ಪಾಲನ್ನೇ ಅದಕ್ಕೆ ಕೊಡಬೇಕು, ಊಟ ಹುಡುಕಿಕೊಂಡು ಹೋಗಬೇಕಾದಾಗಲಷ್ಟೇ ಅದನ್ನು ಕಟ್ಟುತ್ತವೆ, ಬಾಯಿಗೇ ಗ್ಲೂಕೋಸ್ ಸಿಕ್ಕರೆ ಆ ತಂಟೆಗೇ ಹೋಗುವುದಿಲ್ಲ ಎಂದೆಲ್ಲ ಹೇಳಿದೆ. ಕಲಕುವ ಸದ್ದು ನಿಂತಿತು.

"ಮಗಳೇ, ನಾನೇ ಹಾಕಿದ್ದು," ಅಂದರು. "ನನ್ನ ಬ್ಯಾಕ್ಟೀರಿಯಾ ಬಡಕಲಾಗಿ ಬೆಳೀತಿವೆ ಅಂತ ಒಂದೂವರೆ ತಿಂಗಳ ಹಿಂದೆ ನೀನೇ ಹೇಳಿದ್ದೆಯಲ್ಲ. ಕೇಳಿ ಸಂಕಟ ಆಯ್ತು. ಆಮೇಲಿಂದ ನಿನ್ನ ಅಗರ್ ಬಾಟ್ಲಿಗೆ ಒಂದೊಂದು ಚಮಚ ಗ್ಲೂಕೋಸ್ ಹಾಕ್ತಿದ್ದೆ."

ಬಾಯಿಗೆ ಬಂದಂತೆ ಬೈದೆ. ಅಪ್ಪನ ವಯಸ್ಸಿನವರು ಎನ್ನುವುದೂ ನೆನಪಾಗಲಿಲ್ಲ. ಅವರು ಒಲೆ ಆರಿಸಿ, ಕೈ ಒರೆಸಿಕೊಂಡು, ನೆಟ್ಟಗೆ ಮೇಡಂ ಕೋಣೆಗೆ ಹೋಗಿ ತಪ್ಪೊಪ್ಪಿಕೊಂಡು ಬಂದರು. ಅವರ ಫೈಲಿಗೆ ಎಚ್ಚರಿಕೆಯ ಪತ್ರ ಸೇರಿತು, ಮೂವತ್ತೊಂದು ವರ್ಷದಲ್ಲಿ ಮೊದಲನೆಯದು. ನಿವೃತ್ತಿಗೆ ನಾಲ್ಕೇ ತಿಂಗಳು ಬಾಕಿಯಿತ್ತು. ಜೊತೆಗೆ ಹೋಗಿ ಅವರ ಪರವಾಗಿ ಒಂದು ಮಾತು ಹೇಳಬಹುದಿತ್ತು, ನಾನು ಹೋಗಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಗುರುವಾರ ಹೊಸದಾಗಿ ತೂಗುವಾಗ ನನ್ನನ್ನು ತಕ್ಕಡಿಯ ಪಕ್ಕದಲ್ಲೇ ನಿಲ್ಲಿಸಿಕೊಂಡು, ಪ್ರತಿ ಅಂಕಿಯನ್ನೂ ನನ್ನಿಂದಲೇ ಓದಿಸಿದರು. ಸುರಿಯುವಾಗ ಊಟಕ್ಕೆ ಯಾರನ್ನೂ ಕರೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ತಟ್ಟೆ ತೆಗೆದರೆ, ಮಂಜಿನಂಥ ಬಳೆಗಳು ಒಂದರ ಹೊರಗೊಂದು ಅಂಚು ಮುಟ್ಟಿದ್ದವು. ಮೇಡಂ ನೋಡಿ, ಮುಂದುವರಿಸು ಎಂದರು. ನಾನು ಒಂದೇ ಉಸಿರಿಗೆ ಮಾವನ ಕೋಣೆಗೆ ಓಡಿದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇಷ್ಟು ದೂರ ಬಂದಿವೆ ಅಂದ್ರೆ ಎಷ್ಟು ಹಸಿದಿರ್ಬೇಕು," ಅಂದರು.

ನನಗೆ ಆ ಮೂರು ದಿನದ ನಡಿಗೆ ನೆನಪಾಯಿತು. ಕ್ಷಮಿಸಿ ಎನ್ನಲು ಹೋದವಳು ತಟ್ಟೆ ವಾಪಸು ತೆಗೆದುಕೊಂಡು ಬಂದುಬಿಟ್ಟೆ.

ಮಧ್ಯಾಹ್ನ ಅವರು ಡಬ್ಬಿ ಬಿಚ್ಚಿದರು, ಆದರೆ ನನ್ನ ಕಡೆ ಚಾಚಲಿಲ್ಲ. ನಾನೇ ಮುಚ್ಚಳವನ್ನು ಅವರ ಮುಂದೆ ಸರಿಸಿದೆ.