ಹೊಲಿಗೆ ಅಂಗಡಿಯಲ್ಲಿ ನಡೆದ ಧಾರಾವಾಹಿ

ಡಿಸೆಂಬರ್ ಏಳು, ಭಾನುವಾರ. ಮಧ್ಯಾಹ್ನ ಮೂರೂ ಹತ್ತಕ್ಕೆ ಬರೆಯಲು ಕೂತೆ.

ಟೈಲರಕ್ಕನ ತುಟಿಗಳ ನಡುವೆ ಯಾವಾಗಲೂ ನಾಲ್ಕೈದು ಗುಂಡುಪಿನ್ನುಗಳಿರುತ್ತಿದ್ದವು. ಅವನ್ನು ಕಚ್ಚಿಕೊಂಡೇ ಅಳತೆ ಹೇಳುತ್ತಿದ್ದರು, ರಸ್ತೆಯಲ್ಲಿ ಹೋಗುವವರನ್ನು ‘ಹ್ವಾಯ್’ ಎಂದು ಕೂಗುತ್ತಿದ್ದರು. ಪಿನ್ನುಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚತೊಡಗಿದರೆ, ಇನ್ನು ಮಾತಾಡುವವರು ಅವರಲ್ಲ, ಯಾವುದೋ ಪಾತ್ರ ಎಂದು ನಮಗೆ ತಿಳಿಯುತ್ತಿತ್ತು.

ಕುಂಭಾಶಿಯಲ್ಲಿ ಹೆದ್ದಾರಿ ಪಕ್ಕ ಅವರ ಹೊಲಿಗೆ ಅಂಗಡಿ. ನಮಗೆಲ್ಲ ಅವರು ಟೈಲರಕ್ಕ. ಬಾರ್ಕೂರಿನ ಹೆಂಗಸರ ತಾಳಮದ್ದಳೆ ತಂಡದಲ್ಲಿ ಅರ್ಥ ಹೇಳುತ್ತಿದ್ದರು. ವೇಷವಿಲ್ಲದೆ, ಕೂತಲ್ಲೇ, ಬರೆದಿಟ್ಟುಕೊಳ್ಳದೆ ಪಾತ್ರವಾಗಿ ವಾದಿಸುವ ವಿದ್ಯೆ ಅದು. ನಾನು ಪಿಯುಸಿಯಲ್ಲಿದ್ದಾಗ ಧಾರಾವಾಹಿ ಮಾಡುವ ತಂಡವೊಂದು ಆ ಸುದ್ದಿ ಕೇಳಿ ಬೆಂಗಳೂರಿನಿಂದ ಅವರನ್ನು ಹುಡುಕಿಕೊಂಡು ಬಂತು. ಮುಂಬೈಯ ಹೋಟೆಲು ಮುಚ್ಚಿ ಉಪ್ಪುಂದಕ್ಕೆ ಮರಳಿದ ಸೊಸೆ ಊರಲ್ಲೇ ಹೋಟೆಲು ತೆರೆಯಲು ಹೊರಡುತ್ತಾಳೆ, ಮಾವ ಬೇಡ ಎನ್ನುತ್ತಾನೆ. ಕಥೆ ಇಷ್ಟೇ. ಮಾತು ಪೂರ್ತಿ ಕುಂದಾಪ್ರ ಕನ್ನಡದಲ್ಲಿ ಬೇಕಿತ್ತು.

ಟೈಲರಕ್ಕನಿಗೆ ಅದು ಸಣ್ಣ ಸಂಗತಿಯಲ್ಲ. “ಟೀವಿಯಂಗೆ ನಮ್ ಭಾಷಿ ಮಾತಾಡುದ್ ಅಡ್ಗಿ ಭಟ್ರ್ ಮಾತ್ರ. ಇಡೀ ಮನಿಯೇ ಮಾತಾಡುದ್ ಒಂದ್ಸಲ ಕಾಣ್ಕ್,” ಎನ್ನುತ್ತಿದ್ದರು.

ತಂಡದವರು ಮೊದಲ ಹತ್ತು ಕಂತು ಬರೆದುಕೊಡಲು ಹೇಳಿದರು. ಟೈಲರಕ್ಕ ಒಂದು ವಾರ ಹಾಳೆ ಮುಂದೆ ಕೂತರು. ಒಂದು ಸಾಲೂ ಇಳಿಯಲಿಲ್ಲ.

“ಎದ್ರ್ ಕೂಕಂಡರ್ ಎಂತ ಹೇಳ್ತ್ರ್ ಅಂದೇಳಿ ಗೊತ್ತಿಲ್ದೆ ನಾ ಹ್ಯಾಂಗ್ ಉತ್ರ ಕೊಡುದ್?”

ಕೊನೆಗೆ ಭಾನುವಾರ ನಮ್ಮನ್ನೇ ಅಂಗಡಿಗೆ ಕರೆದು ಪಾತ್ರ ಹಂಚಿದರು. ಹಾಲಿನ ಡೈರಿಯಲ್ಲಿ ಕೆಲಸ ಮಾಡುವ ನನ್ನ ಅತ್ತಿಗೆಗೆ ಮಾವನ ಪಾತ್ರ, ನನಗೆ ನಾದಿನಿಯದು, ಟೈಲರಕ್ಕನಿಗೆ ಸೊಸೆಯದು. ತಂಡದ ಹುಡುಗನೊಬ್ಬ ಫೋನಿನಲ್ಲಿ ರೆಕಾರ್ಡ್ ಮಾಡುತ್ತ ಸ್ಟೂಲಿನ ಮೇಲೆ ಕೂತ.

“ಹೆಂಗ್ಸ್ ಗಲ್ಲಾಪೆಟ್ಗಿ ಎದ್ರ್ ಕೂಕಂಡ್ರೆ ಊರ್ ಎಂತ ಹೇಳುತ್ತ್?” ಎಂದ ಮಾವ.

ಪಿನ್ನುಗಳು ಸೆರಗು ಸೇರಿದವು. “ಊರ್ ಚಾ ಕುಡುಕೆ ಬರ್ಲಿ ಮಾವಯ್ಯ, ಆಗ ಅವ್ರನ್ನೇ ಕೇಂಬ. ಹಸಿದ್ ಹೊಟ್ಟಿಯಂಗೆ ಮಾತಾಡುದ್ ಬ್ಯಾಡ.”

ನಗು ನಿಂತ ಮೇಲೆ ಹುಡುಗ ಅದನ್ನೇ ಇನ್ನೊಮ್ಮೆ ಹೇಳಿಸಿದ. ಮಾವ ಬೇರೆ ಕೇಳಿದ, ಸೊಸೆಯ ಉತ್ತರವೂ ಬೇರೆಯಾಯಿತು. ಮೂರನೆಯ ಸಲಕ್ಕೆ ಮಾವನೇ ಹೋಟೆಲಿಗೆ ಹೆಸರು ಹುಡುಕುತ್ತಿದ್ದ.

“ಅಕ್ಕಾ, ಇದ್ರಲ್ಲಿ ಯಾವ್ದನ್ನ ಶೂಟ್ ಮಾಡೋದು?”

“ಎಲ್ಲಾ ಮಾಡಿ. ದಿನಾ ಹಾಕುದಲ್ದಾ?”

ಎರಡು ತಿಂಗಳ ಮೇಲೆ ಫೋನ್ ಬಂತು. ಧಾರಾವಾಹಿ ಕೈಬಿಟ್ಟಿದ್ದರು. ಕಾರಣ ಹೇಳಲಿಲ್ಲ. ಆ ವಾರವಿಡೀ ಟೈಲರಕ್ಕ ತುಟಿಯಿಂದ ಪಿನ್ನು ತೆಗೆಯಲಿಲ್ಲ. ಮುಂದಿನ ಭಾನುವಾರ ಅಂಗಡಿ ದಾಟಿ ಹೋಗುತ್ತಿದ್ದ ನನ್ನನ್ನು ಕರೆದರು.

“ಹೆಣೆ, ಬಾ ಕೂಕೊ. ಹೋಟ್ಲ್ ಬಾಗ್ಲ್ ತೆಗಿದೆ ಹ್ಯಾಂಗ್ ಬಿಡುದ್?”

ಅಂದಿನಿಂದ ಪ್ರತಿ ಭಾನುವಾರ ಊಟದ ಮೇಲೆ ಧಾರಾವಾಹಿ ನಡೆಯಿತು. ರವಿಕೆ ಒಯ್ಯಲು ಬಂದವರು ನೆಂಟರ ಪಾತ್ರ ಮಾಡಿ ಹೋಗುತ್ತಿದ್ದರು. ಒಮ್ಮೆ ನಾನು ಮಾವನಿಗೆ ಬಾಯೇ ಬಾರದಂತೆ ಮಾಡಿ ಗೆದ್ದೆ ಎಂದುಕೊಂಡೆ. ಟೈಲರಕ್ಕನಿಗೆ ಸಿಟ್ಟು ಬಂತು.

“ಎದ್ರಿದ್ದರ್ ಬಾಯಿ ಕಟ್ರೆ ಕಥಿ ಅಲ್ಲೇ ನಿಲ್ಲುತ್ತ್. ಅವ್ರಿಗೂ ಒಂದ್ ಉತ್ರ ಉಳ್ಸ್.”

ಬೈಂದೂರಿನಲ್ಲಿ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿರುವ ನನಗೆ ಈಗಲೂ ದಿನಕ್ಕೊಮ್ಮೆಯಾದರೂ ಈ ಮಾತು ಬೇಕಾಗುತ್ತದೆ.

ಕಳೆದ ಮಳೆಗಾಲ ಟೈಲರಕ್ಕ ತೀರಿಕೊಂಡರು. ಅಷ್ಟರಲ್ಲಿ ಕಥೆಯ ಹೋಟೆಲು ತೆರೆದು, ಬ್ರಹ್ಮಾವರದಲ್ಲಿ ಇನ್ನೊಂದು ಮಾಡುವ ಮಾತು ನಡೆದಿತ್ತು. ಮಾವನಿಗೇ ಹೆಚ್ಚು ಅವಸರ. ಇವತ್ತು ನಾಲ್ಕಕ್ಕೆ ನಾವು ಮತ್ತೆ ಸೇರುತ್ತಿದ್ದೇವೆ. ಅಂಗಡಿಯ ಬೀಗ ತೆಗೆಯುವುದು ಈಗ ಅವರ ತಂಗಿಯ ಮಗಳು. ಸೊಸೆಯ ಪಾತ್ರ ನನ್ನ ಪಾಲಿಗೆ ಬಂದಿದೆ.

ನನ್ನ ಡೈರಿಯಲ್ಲಿ ಎಲ್ಲ ಭಾನುವಾರಗಳ ತಾರೀಕಿದೆ, ಬಂದವರ ಲೆಕ್ಕವಿದೆ. ಟೈಲರಕ್ಕನ ಮಾತು ಮಾತ್ರ ಇಲ್ಲ. ಎದುರು ಕೂತು ಉತ್ತರ ಹುಡುಕುವವಳಿಗೆ ಬರೆಯುವ ಪುರುಸೊತ್ತು ಎಲ್ಲಿ? ಅವರ ದನಿ ಉಳಿದಿದ್ದರೆ ಆ ಮೊದಲ ಮಧ್ಯಾಹ್ನದ್ದು, ಆ ಹುಡುಗನ ಫೋನಿನಲ್ಲಿ. ಅವನ ಹೆಸರನ್ನು ನಾವು ಯಾರೂ ಕೇಳಿರಲಿಲ್ಲ. ಉಪ್ಪುಂದದ ಸೊಸೆಯ ಕಥೆಗಾಗಿ ಆಗ ಕುಂಭಾಶಿಗೆ ಬಂದಿದ್ದವರು, ಅವನನ್ನು ಬಲ್ಲವರು ಇದನ್ನು ಓದಿದರೆ ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಮೂರರಲ್ಲಿ ಯಾವ ಸಲದ್ದು ಸಿಕ್ಕರೂ ಆದೀತು. ಅವರ ಮಾತು ಕೇಳಿಸಿದರೆ ಸಾಕು, ಉತ್ತರ ಕೊಡಲು ನಾವು ಅಂಗಡಿಯಲ್ಲೇ ಇದ್ದೇವೆ.